ಕೃಪೆಯ ಮಕ್ಕಳ ಕೃಪಣತೆ

ಭಾನುವಾರ ಬೆಳಿಗ್ಗೆ ಆರಾಧನೆ ಮುಗಿದು, ಸಭಾಪಾಲಕರು ಆಶೀರ್ವಚನ ಹೇಳಿ ವೇದಿಕೆಯಿಂದ ಇಳಿದ ಮೇಲೆ, ನಮ್ಮ ದೇವಾಲಯಗಳ ಅಂಗಳದಲ್ಲಿ ಎರಡನೆಯದೊಂದು ಕಲಾಪ ಆರಂಭವಾಗುತ್ತದೆ. ಅದಕ್ಕೆ ಗಂಟೆ ಬಾರಿಸುವವರಿಲ್ಲ, ಕಾಣಿಕೆಯ ತಟ್ಟೆಯಿಲ್ಲ. ಆದರೆ ಹಾಜರಿಗೆ ಮಾತ್ರ ಕೊರತೆಯಿಲ್ಲ. ಯಾರ ಮಗಳು ಯಾರೊಡನೆ ಹೋದಳು, ಯಾರ ಮಗ ಕುಡಿದು ಬಿದ್ದಿದ್ದ, ಯಾರು ಕರ್ತನ ಭೋಜನಕ್ಕೆ ಏಳದೆ ಬೆಂಚಿನಲ್ಲೇ ಕುಳಿತಿದ್ದರು, ಏಕೆ ಕುಳಿತಿದ್ದರು, ಎಲ್ಲದರ ವಿಚಾರಣೆಯೂ ಹತ್ತು ನಿಮಿಷಗಳಲ್ಲಿ ಮುಗಿದು ತೀರ್ಪು ಹೊರಬೀಳುತ್ತದೆ. ಆರೋಪಿ ಅಲ್ಲಿರುವುದಿಲ್ಲ. ಅವನ ಪರವಾಗಿ ವಾದಿಸುವ ವಕೀಲನೂ ಇರುವುದಿಲ್ಲ. ಅರ್ಧ ಗಂಟೆಯ ಹಿಂದೆ ನಾವೆಲ್ಲ ಮೊಣಕಾಲೂರಿ ನಮ್ಮನ್ನು ಪಾಪಿಗಳೆಂದು ಒಪ್ಪಿಕೊಂಡವರೇ ಎಂಬುದು ಯಾರ ನೆನಪಿಗೂ ಬರುವುದಿಲ್ಲ.

ಇದು ನಮ್ಮ ಜನರ ಒಂದು ಸಣ್ಣ ದೌರ್ಬಲ್ಯ, ಎಲ್ಲ ಸಮಾಜಗಳಲ್ಲೂ ಇರುವಂಥದೇ ಎಂದು ತಳ್ಳಿಹಾಕುವವರುಂಟು. ನಾನು ಒಪ್ಪಲಾರೆ. ಹರಟೆ ಎಲ್ಲೆಡೆಯೂ ಇದೆ, ನಿಜ. ಆದರೆ ಸ್ವಂತ ಯೋಗ್ಯತೆಯಿಂದಲ್ಲದೆ ದೇವರ ಕೃಪೆಯೊಂದರಿಂದಲೇ ತಾನು ಬದುಕಿದ್ದೇನೆಂದು ಸಾರುವ ಸಮಾಜ ನೆರೆಯವನಿಗೆ ಕೃಪೆ ತೋರಲು ಜಿಪುಣತನ ಮಾಡಿದರೆ, ಅದು ತನ್ನ ನಂಬಿಕೆಯನ್ನೇ ಅಲ್ಲಗಳೆದಂತೆ. ‘ಕೃಪೆ’, ‘ಕೃಪಣ’ ಎಂಬ ಎರಡು ಪದಗಳೂ ಸಂಸ್ಕೃತದ ಒಂದೇ ಧಾತುವಿನಿಂದ ಹುಟ್ಟಿದವು. ಒಂದು ಮರುಗುವ ಮನಸ್ಸನ್ನು ಹೇಳಿದರೆ, ಇನ್ನೊಂದು ಮರುಕಕ್ಕೆ ಪಾತ್ರನಾದ ದೀನನನ್ನು ಸೂಚಿಸಿ, ಕೈಬಿಚ್ಚದ ಲೋಭಿಗೂ ಹೆಸರಾಯಿತು. ನಮ್ಮ ಕಥೆಯೂ ಅದೇ. ದೀನರಾಗಿ ಬಂದು ಕೃಪೆ ಪಡೆದೆವು. ಪಡೆದ ಮೇಲೆ ಲೋಭಿಗಳಾದೆವು.

ಪರರ ದೋಷವನ್ನು ಎತ್ತಿ ಆಡುವ ಮುನ್ನ ನನ್ನದನ್ನೇ ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ನಾನಿದ್ದ ಒಂದು ಸಭೆಯ ಖಜಾಂಚಿಯೊಬ್ಬರು ಸುಗ್ಗಿ ಹಬ್ಬದ ಹರಾಜಿನ ಹಣದಲ್ಲಿ ಸ್ವಲ್ಪ ಭಾಗವನ್ನು ಹೆಂಡತಿಯ ಆಸ್ಪತ್ರೆಯ ಖರ್ಚಿಗೆ ಬಳಸಿಕೊಂಡರು. ಯಾರನ್ನೂ ಕೇಳಲಿಲ್ಲ, ಅದು ತಪ್ಪೇ. ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬಿದ್ದಾಗ ಇಲ್ಲವೆನ್ನಲೂ ಇಲ್ಲ. ಸಮಿತಿ ಅವರನ್ನು ಹುದ್ದೆಯಿಂದ ತೆಗೆಯಿತು, ಅದೂ ಸರಿಯೇ. ಆದರೆ ಅಷ್ಟಕ್ಕೆ ನಾವು ನಿಲ್ಲಲಿಲ್ಲ. ಖಂಡನಾ ನಿರ್ಣಯವೊಂದನ್ನು ಬರೆದು, ಆರಾಧನೆಯ ಪ್ರಕಟಣೆಗಳ ನಡುವೆ, ಅವರ ಹೆಂಡತಿ ಮಕ್ಕಳು ಕುಳಿತಿದ್ದಂತೆಯೇ ಓದಿಸಿದೆವು. ಕನ್ನಡ ಬಲ್ಲವನೆಂದು ಅದನ್ನು ಬರೆಯುವ ಕೆಲಸ ನನಗೆ ಬಂತು. ಚೆನ್ನಾಗಿ ಬರೆದಿದ್ದೀರಿ ಎಂದು ಇಬ್ಬರು ಕೈ ಕುಲುಕಿದರು, ನಾನು ಸಂತೋಷಪಟ್ಟೆ. ಆ ಮನುಷ್ಯ ಒಂದೂವರೆ ವರ್ಷದಲ್ಲಿ ಕಂತುಕಂತಾಗಿ ಪೂರಾ ಹಣ ಕಟ್ಟಿದರು. ಅದನ್ನು ಯಾರೂ ಪ್ರಕಟಿಸಲಿಲ್ಲ. ಅವರು ತೀರಿಕೊಂಡ ದಿನ ಸ್ಮಶಾನದ ಬಾಗಿಲಲ್ಲೂ ‘ಹರಾಜಿನ ದುಡ್ಡಿನವರು’ ಎಂದೇ ಅವರ ಗುರುತು ಹೇಳಿದರು. ಅವರ ಮಗ ಇಂದಿಗೂ ದೇವಾಲಯದ ಮೆಟ್ಟಿಲು ಹತ್ತುವುದಿಲ್ಲ. ಅವನು ದೇವರನ್ನು ಬಿಟ್ಟನೆಂದು ನಮ್ಮವರು ಅವನ ಮೇಲೂ ತೀರ್ಪು ಕೊಟ್ಟಿದ್ದಾರೆ.

‘ಹಾಗಾದರೆ ಸಭೆಯಲ್ಲಿ ಶಿಸ್ತೇ ಬೇಡವೆ?’ ಎಂದು ಹಿರಿಯರು ಕೇಳುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕಟ್ಟಿದ ಸಭೆಗಳಲ್ಲಿ ಶಿಸ್ತು ಬಿಗಿಯಾಗಿತ್ತು, ತಪ್ಪಿದವರನ್ನು ಕರ್ತನ ಭೋಜನದಿಂದ ದೂರವಿಡುತ್ತಿದ್ದರು ಎಂದು ನೆನಪಿಸುತ್ತಾರೆ. ನಿಜವೇ. ಆದರೆ ಅಂಥ ಶಿಸ್ತಿಗೆ ಒಂದು ಮೊದಲೂ ಒಂದು ಕೊನೆಯೂ ಇರಬೇಕಷ್ಟೆ. ಪಶ್ಚಾತ್ತಾಪಪಟ್ಟವನನ್ನು ಮತ್ತೆ ಮೇಜಿಗೆ ಸೇರಿಸಿಕೊಳ್ಳುವುದೇ ಅದರ ಉದ್ದೇಶ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಅದರ ಕ್ರಮವೂ ಇದೆ. ನೊಂದವನು ಮೊದಲು ತಾನೊಬ್ಬನೇ ಹೋಗಿ ಏಕಾಂತದಲ್ಲಿ ಮಾತಾಡಬೇಕು. ಅದು ಫಲಿಸದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಸಭೆಯ ಮುಂದಿಡುವುದು ಆಮೇಲೆ. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಮೊದಲು ಊರಿಗೆ, ಆಮೇಲೆ ಸಮಿತಿಗೆ, ಕೊನೆಗೆ ನೆನಪಾದರೆ ಅವನಿಗೆ. ಇದಕ್ಕೆ ಶಿಸ್ತೆಂದು ಹೆಸರಿಡುವುದು ಹೇಗೆ?

ಅದೇ ಅಧ್ಯಾಯದ ಕೊನೆಯಲ್ಲಿ ಸಾಲಗಾರ ಸೇವಕನ ಸಾಮ್ಯವಿದೆ. ಅದನ್ನು ಓದುವವರು ಬಹಳ, ಲೆಕ್ಕ ಹಾಕುವವರು ಕಡಮೆ. ಒಂದು ದಿನಾರಿ ಆಗಿನ ಒಂದು ದಿನದ ಕೂಲಿ. ಒಂದು ತಲಾಂತೆಂದರೆ ಸುಮಾರು 6,000 ದಿನಾರಿ. ಅರಸನು ಬಿಟ್ಟುಕೊಟ್ಟ ಸಾಲ 10,000 ತಲಾಂತು, ಅಂದರೆ 6 ಕೋಟಿ ದಿನಗಳ ಕೂಲಿ. ಆ ಸೇವಕ ಹೊರಗೆ ಬಂದು ಜೊತೆಯವನ ಕುತ್ತಿಗೆ ಹಿಸುಕಿದ್ದು 100 ದಿನಾರಿಗಾಗಿ, ಮೊದಲನೆಯದರ ಆರು ಲಕ್ಷದಲ್ಲೊಂದು ಪಾಲಿಗಾಗಿ. ಆದರೂ ಗಮನಿಸಿ: 100 ದಿನಾರಿ ಸಣ್ಣ ಮೊತ್ತವೇನಲ್ಲ, ಕೂಲಿಯವನಿಗೆ ಅದು ಮೂರು ತಿಂಗಳಿಗೂ ಮಿಕ್ಕ ದುಡಿಮೆ. ನೆರೆಯವನಿಂದ ನಮಗಾದ ಅನ್ಯಾಯ ಸುಳ್ಳೆಂದು ಕ್ರಿಸ್ತನು ಹೇಳಲಿಲ್ಲ. ಸಾಲ ನಿಜ, ನೋವೂ ನಿಜ. ವಸೂಲಿಗೆ ಹೊರಟವನು ತಾನು ಯಾವ ಬಾಗಿಲಿನಿಂದ ಈಗತಾನೆ ಹೊರಬಂದೆನೆಂಬುದನ್ನು ಮರೆತದ್ದೇ ಅಲ್ಲಿಯ ಅಪರಾಧ.

ಓದಿಕೊಂಡವರ ಆಕ್ಷೇಪಣೆ ಬೇರೆ. ‘ಅಗ್ಗದ ಕೃಪೆ’ಯ ವಿರುದ್ಧ ಜರ್ಮನಿಯ ಡೀಟ್ರಿಖ್ ಬೊನ್‌ಹೋಫರ್ 1937ರಲ್ಲೇ ಎಚ್ಚರಿಸಲಿಲ್ಲವೆ ಎನ್ನುತ್ತಾರೆ. ಎಚ್ಚರಿಸಿದರು, ಹಿಟ್ಲರನ ಆಳ್ವಿಕೆಯನ್ನು ಎದುರಿಸಿ 1945ರ ಏಪ್ರಿಲಿನಲ್ಲಿ ಗಲ್ಲಿಗೇರಿದ ಆ ಮನುಷ್ಯನಿಗೆ ಹಾಗೆ ಹೇಳುವ ಅಧಿಕಾರವೂ ಇತ್ತು. ಆದರೆ ಅವರು ಕೇಳಿದ್ದು ಕೃಪೆ ಪಡೆದವನು ತನ್ನ ಬಾಳಿನಿಂದ ಬೆಲೆ ತೆರಬೇಕೆಂದು. ಪಕ್ಕದ ಮನೆಯವನಿಂದ ಬೆಲೆ ವಸೂಲು ಮಾಡಬೇಕೆಂದಲ್ಲ. ಅದೇ ಬೊನ್‌ಹೋಫರ್ ಫಿಂಕನ್‌ವಾಲ್ಡೆಯ ದೈವಜ್ಞಾನ ಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ನಿಯಮ ಹಾಕಿದ್ದರು: ಎದುರಿಗಿಲ್ಲದ ಸಹೋದರನ ವಿಷಯ ಮಾತಾಡಕೂಡದು, ಮಾತು ಜಾರಿದರೆ ಅದನ್ನು ಅವನಿಗೇ ತಿಳಿಸಬೇಕು. ಈ ನಿಯಮವನ್ನು ನಮ್ಮ ಅಂಗಳದಲ್ಲಿ ಒಂದೇ ಒಂದು ಭಾನುವಾರ ಜಾರಿಗೆ ತಂದು ನೋಡೋಣ. ಎಷ್ಟು ಜನ ಬೇಗ ಮನೆ ಸೇರುತ್ತಾರೆ! ನಿಜಕ್ಕೂ ಅಗ್ಗವಾದದ್ದು ನಿಂದೆ. ಅದಕ್ಕೆ ನಾಲಗೆಯೊಂದಿದ್ದರೆ ಸಾಕು. ಕೃಪೆಗಾದರೋ ಅವನ ಮನೆಗೆ ನಡೆಯುವ ಕಾಲು ಬೇಕು, ಸಮಯ ಬೇಕು, ಒಮ್ಮೊಮ್ಮೆ ಜೇಬಿನ ದುಡ್ಡೂ ಬೇಕು. ಖಜಾಂಚಿಯ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ನಮ್ಮಲ್ಲಿ ಒಬ್ಬರಾದರೂ ಹೋಗಿ ವಿಚಾರಿಸಿದ್ದರೆ ಅವರ ಕೈ ಆ ಹಣದತ್ತ ಚಾಚುತ್ತಿತ್ತೆ?

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಕೃಪೆಯ ಹೆಸರಿನಲ್ಲಿ ಬಲಿಷ್ಠರ ಅಪರಾಧವನ್ನು ಮುಚ್ಚುವುದೂ ನಡೆದಿದೆ. ಹೊಡೆತ ತಿಂದ ಹೆಂಡತಿಗೆ, ಕೇಡಿಗೆ ಗುರಿಯಾದ ಮಗುವಿನ ತಾಯಿಗೆ, ‘ಕ್ಷಮಿಸಿಬಿಡಮ್ಮ’ ಎಂದು ಬುದ್ಧಿ ಹೇಳುವ ಹಿರಿಯರಿದ್ದಾರೆ. ಅದಕ್ಕೆ ಹೇಡಿತನವೆಂದೇ ಹೆಸರು. ಕ್ಷಮೆ ನೊಂದವರ ಸ್ವತ್ತು; ಅವರ ಪರವಾಗಿ ಅದನ್ನು ದಾನ ಮಾಡುವ ಹಕ್ಕು ಮೂರನೆಯವರಿಗಿಲ್ಲ. ಅಂಥ ಕಡೆ ಪೊಲೀಸ್ ಠಾಣೆಗೆ ಹೋಗುವುದೇ ಧರ್ಮ. ವಿಚಿತ್ರವೆಂದರೆ, ದೊಡ್ಡವರ ದೊಡ್ಡ ತಪ್ಪಿಗೆ ಕೃಪೆಯನ್ನು ನೆನೆಯುವ ನಾಲಗೆಯೇ ಬಡವರ ಸಣ್ಣ ತಪ್ಪಿಗೆ ನ್ಯಾಯವನ್ನು ನೆನೆಯುತ್ತದೆ.

ಕೃಪೆಗೆ ಹೆದರುವುದು ಹೊಸದೇನೂ ಅಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಯೇಸು ದಂಡಿಸದೆ ಕಳುಹಿಸಿದ ಪ್ರಸಂಗ ಯೋಹಾನನ ಸುವಾರ್ತೆಯ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ. ತಮ್ಮ ಹೆಂಡಿರಿಗೆ ಸಲಿಗೆ ಕೊಟ್ಟಂತಾದೀತೆಂದು ಹೆದರಿದವರು ಅದನ್ನು ಕಿತ್ತುಹಾಕಿದರೆಂದು ಸಂತ ಅಗಸ್ಟೀನರು ಬಗೆದರು. ಅದು ತರುವಾಯ ಸೇರಿದ ಭಾಗವೆಂದು ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಹೇಳುತ್ತಾರೆ. ಯಾವುದೇ ಆಗಲಿ, ಸಭೆ ಆ ಕಥೆಯನ್ನು ಕೈಬಿಡಲಿಲ್ಲ. ನಾವಾದರೋ ಅದನ್ನು ಪುಟದಲ್ಲಿ ಉಳಿಸಿಕೊಂಡು ಅಂಗಳದಲ್ಲಿ ಕಿತ್ತುಹಾಕಿದ್ದೇವೆ.

ಪ್ರತಿಯೊಂದು ಸಭೆಯ ಹಿರಿಯರಲ್ಲೂ ನನ್ನದೊಂದು ಬಿನ್ನಹ. ನಡಾವಳಿ ಪುಸ್ತಕವನ್ನು ತೆಗೆದು ನೋಡಿ. ಖಂಡನೆಯ ಪುಟಗಳೆಷ್ಟು, ತಪ್ಪು ತಿದ್ದಿಕೊಂಡವರನ್ನು ಮತ್ತೆ ಬರಮಾಡಿಕೊಂಡ ಪುಟಗಳೆಷ್ಟು ಎಂದು ಎಣಿಸಿ. ನಾನು ಬರೆದ ನಿರ್ಣಯ ಆ ಸಭೆಯ ಪುಸ್ತಕದಲ್ಲಿ ಇನ್ನೂ ಇದೆ; ಹಣ ಪೂರ್ತಿ ಸಂದಾಯವಾಯಿತೆಂಬ ಒಂದು ಸಾಲು ಅದರ ಕೆಳಗಿಲ್ಲ. ಆ ಸಾಲನ್ನು ಸೇರಿಸಿ ಆರಾಧನೆಯಲ್ಲಿ ಓದಿಸಬೇಕೆಂದು ಕೇಳಿ ಕಾಗದ ಬರೆದಿದ್ದೇನೆ. ತೀರಿಕೊಂಡವರಿಗೆ ಅದರಿಂದ ಪ್ರಯೋಜನವಿಲ್ಲ. ಮಗ ಬದುಕಿದ್ದಾನೆ, ಅವನ ಮನೆಗೆ ಮೊದಲು ಹೋಗಬೇಕಾದವನು ನಾನೇ.