ದೀಪದ ಬೆಳಕಿನ ಕ್ರಿಯಾಪದ
ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಬಳಕೆ ತಪ್ಪಿಹೋಗಿರುವ ‘ಲುಕ್ಯುಬ್ರೇಟ್’ ಎಂಬ ಕ್ರಿಯಾಪದ ನನಗೆ ಬಹಳ ಇಷ್ಟ. ನಿದ್ದೆಗೆಟ್ಟು ದೀಪದ ಬೆಳಕಿನಲ್ಲಿ ಓದುವುದು, ಬರೆಯುವುದು ಎಂದು ಅದರ ಅರ್ಥ. ಮೂಲ ಲ್ಯಾಟಿನ್ನಿನ ‘ಲುಕುಬ್ರಾರೆ’. ಬೆಳಕು ಎಂಬ ಅರ್ಥದ ‘ಲುಕ್ಸ್’ ಪದದ ಬಳಗದ್ದು. ರೋಮನ್ನರಲ್ಲಿ ಇದು ಪಂಡಿತರ ಸ್ವತ್ತೇನೂ ಆಗಿರಲಿಲ್ಲ. ಇತಿಹಾಸಕಾರ ಲಿವಿ ಲುಕ್ರೀಷಿಯಾ ಎಂಬ ರೋಮನ್ ಗೃಹಿಣಿಯ ಕಥೆ ಹೇಳುತ್ತಾನೆ. ಅಲ್ಲಿ ಗಂಡ ತನ್ನ ಸಂಗಡಿಗರೊಂದಿಗೆ ಸರಹೊತ್ತಿನಲ್ಲಿ ದಿಢೀರನೆ ಮನೆಗೆ ಬಂದಾಗ ಆಕೆ ನಡುಮನೆಯಲ್ಲಿ ದಾಸಿಯರ ನಡುವೆ ಕೂತು ಉಣ್ಣೆಯ ಕೆಲಸದಲ್ಲಿ ಮುಳುಗಿರುತ್ತಾಳೆ. ಆ ದಾಸಿಯರ ರಾತ್ರಿ ದುಡಿಮೆಗೆ ಲಿವಿ ಬಳಸುವುದು ಇದೇ ಪದವನ್ನು. ರೋಮನ್ ಲೇಖಕ ಹಿರಿಯ ಪ್ಲೀನಿಯ ಸಂಗತಿ ಇನ್ನೂ ಸೊಗಸು. ಆಗಸ್ಟ್ 23ರ ವಲ್ಕನ್ ದೇವತೆಯ ಹಬ್ಬ ಬಂತೆಂದರೆ ಅವನು ಇರುಳಿರುವಾಗಲೇ ಎದ್ದು ದೀಪ ಹಚ್ಚಿ ಕೂರುತ್ತಿದ್ದ ಎಂದು ಸೋದರಳಿಯ ಪತ್ರವೊಂದರಲ್ಲಿ ಬರೆದಿಟ್ಟಿದ್ದಾನೆ. ಹಗಲು ಚಕ್ರವರ್ತಿ ವೆಸ್ಪಾಸಿಯನ್ನನ ಸೇವೆ, ರಾತ್ರಿ ಪುಸ್ತಕ. 37 ಸಂಪುಟಗಳ ‘ನ್ಯಾಚುರಲ್ ಹಿಸ್ಟರಿ’ ಹುಟ್ಟಿದ್ದು ಹೀಗೆ. ಇಂಗ್ಲಿಷಿಗೆ ಈ ಪದ ಬಂದದ್ದು 17ನೇ ಶತಮಾನದಲ್ಲಿ, ಓದಿದವರ ಕೈ ಹಿಡಿದು. ಬರಬರುತ್ತಾ, ತಿಣುಕಿ ಬರೆದ ಪಾಂಡಿತ್ಯದ ಬರಹ ಎಂಬ ಕೊಂಕು ಅದಕ್ಕೆ ಅಂಟಿಕೊಂಡಿತು. 1709ರಲ್ಲಿ ‘ಟ್ಯಾಟ್ಲರ್’ ಪತ್ರಿಕೆ ಹೊರಡಿಸಿದ ರಿಚರ್ಡ್ ಸ್ಟೀಲ್ ತನ್ನ ಬರಹಗಳನ್ನು ಪುಸ್ತಕವಾಗಿ ತಂದಾಗ ಇದೇ ಪದದ ನಾಮರೂಪವಾದ ‘ಲುಕ್ಯುಬ್ರೇಷನ್ಸ್’ ಎಂದೇ ಹೆಸರಿಟ್ಟ. ಪದಕ್ಕೆ ಅಂಟಿದ ಆ ಕೊಂಕು ಮಾತ್ರ ನನಗೆ ಅನ್ಯಾಯವೆನಿಸುತ್ತದೆ. ಹಗಲೆಲ್ಲ ಬೇರೆಯವರ ಕೆಲಸ ಮಾಡಿ, ರಾತ್ರಿ ಉಳಿದಷ್ಟು ಹೊತ್ತಿನಲ್ಲಿ ಓದಿ ಬರೆಯುವವರು ಎಲ್ಲ ಊರಲ್ಲೂ ಇದ್ದಾರೆ. ಅವರ ಕಷ್ಟಕ್ಕೆ ಇಷ್ಟು ಒಪ್ಪುವ ಕ್ರಿಯಾಪದ ನಿಘಂಟಿನ ಮೂಲೆ ಸೇರಬಾರದಿತ್ತು.