ಬಡಿಸುವ ವೇಷದೊಳಗಿನ ಮನುಷ್ಯ

ರಜೆಯ ದಿನ ಪುಣೆಯ ನಮ್ಮ ಬಾಂಧವರು ಮಕ್ಕಳೊಡನೆ ವಾಘೋಲಿಯ ಕಡೆಗಿರುವ 'ಚೋಖಿ ಧಾನಿ'ಗೆ ಹೋಗುವುದುಂಟು. ಅಲ್ಲಿ ರಾಜಸ್ಥಾನದ ಹಳ್ಳಿಯೊಂದನ್ನೇ ಕಟ್ಟಿ ನಿಲ್ಲಿಸಿದ್ದಾರೆ. ಬಣ್ಣದ ಪೇಟ ಸುತ್ತಿದವರು ಒತ್ತಾಯಮಾಡಿ ದಾಲ್-ಬಾಟಿ, ಚೂರ್ಮಾ ಬಡಿಸುತ್ತಾರೆ. ಗೊಂಬೆಯಾಟ, ಕುಣಿತಗಳೂ ಉಂಟು. ಮಕ್ಕಳ ಇಂಥ ಸಂತೋಷಕ್ಕೆ ಕೊಟ್ಟ ಹಣ ದಂಡವೆಂದು ನಾವು ಹೇಳೆವು.

ಆದರೆ ಈ ಬಗೆಯ ಊಟಕ್ಕೆ ಬೆಲೆ ಕಟ್ಟುವಾಗ ತುಪ್ಪದ ಪರಿಮಳವನ್ನಷ್ಟೇ ನೋಡಿದರೆ ಸಾಲದು. ಇಲ್ಲಿ ಬಡಿಸುವವರ ಕೆಲಸ ಎರಡು: ಕೈಯಿಂದ ಬಡಿಸುವುದು, ಮುಖದಿಂದ ನಲಿಸುವುದು. ಎರಡನೆಯದೂ ದುಡಿಮೆಯೇ ಸರಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡಿನಲ್ಲಿ ಮಿಕ್ಕಿ ಮೌಸ್ ಮೊದಲಾದ ವೇಷದವರು ಊಟದ ಮೇಜಿನ ಬಳಿಗೇ ಬಂದು ಮಕ್ಕಳ ಕೈಕುಲುಕುತ್ತಾರೆ. ಈ ವೇಷಧಾರಿಗಳು ಮೆರವಣಿಗೆಯ ಕಲಾವಿದರೊಡನೆ ಕೂಡಿ 2024ರ ಮೇ ತಿಂಗಳಲ್ಲಿ ಕಾರ್ಮಿಕ ಸಂಘಕ್ಕಾಗಿ ಮತ ಹಾಕಿದರು. ಪರವಾಗಿ 953, ವಿರುದ್ಧವಾಗಿ 258 ಮತಗಳು ಬಿದ್ದವು. ಸಂಬಳ, ಸುರಕ್ಷತೆ, ಶುಚಿಯಾದ ವೇಷ ಇವೇ ಅವರು ಎತ್ತಿದ ಪ್ರಶ್ನೆಗಳು.

ಹೋಟೆಲಿನ ದುಡಿಮೆಯಿಂದಲೇ ಈ ಊರಿನಲ್ಲಿ ನೆಲೆ ಕಂಡ ಕನ್ನಡಿಗರು ಬಹಳ ಮಂದಿ. ದಿನವಿಡೀ ನಿಂತು ಬಡಿಸಿದ ಕಾಲಿನ ನೋವು ನಮಗೆ ತಿಳಿಯದ್ದಲ್ಲ. ಯಾವ ಒಂದು ಜಾಗವನ್ನೂ ದೂರಲು ಈ ಮಾತಲ್ಲ. ಊಟದ ರುಚಿಯನ್ನು ವಿಚಾರಿಸುವಂತೆಯೇ, ಬಡಿಸಿದವರಿಗೆ ಕೂರಲು ಬಿಡುವುಂಟೆ, ಹೊತ್ತಿಗೆ ಸರಿಯಾಗಿ ಊಟವುಂಟೆ, ದುಡಿಮೆಗೆ ತಕ್ಕ ಸಂಬಳವುಂಟೆ ಎಂದೂ ವಿಚಾರಿಸೋಣ. ಉಂಟು ಎಂಬ ಉತ್ತರ ಬಂದಲ್ಲಿ ಮಾತ್ರ ಆ ಊಟ ಚೆನ್ನಾಗಿತ್ತೆಂದು ನಾಲ್ಕು ಜನಕ್ಕೆ ಹೇಳೋಣ.