ಕುಳಿತವನ ದಣಿವು

ದಿನವಿಡೀ ಕುಳಿತಲ್ಲಿಯೇ ಕುಳಿತು ಓದಿದ ಹುಡುಗನು ಸಂಜೆ ಮೈದಾನಕ್ಕೆ ಹೋಗಿ, ಎರಡು ಸುತ್ತು ಓಡುವಷ್ಟರಲ್ಲಿ ‘ದಣಿದೆ, ಇನ್ನಾಗದು’ ಎಂದು ನಿಂತುಬಿಟ್ಟರೆ ನಮ್ಮ ಮನೆಗಳಲ್ಲಿ ಅವನಿಗೆ ದೊರೆಯುವ ಬಿರುದು ಒಂದೇ: ಸೋಮಾರಿ. ಹೊಲದಲ್ಲಿ ಕುಂಟೆ ಹೊಡೆದು ಬಂದವನಿಗೆ ದಣಿವುಂಟು. ಪುಸ್ತಕದ ಮುಂದೆ ಕುಳಿತವನಿಗೆ ಎಲ್ಲಿಯ ದಣಿವು ಎಂಬುದು ಹಿರಿಯರ ತರ್ಕ. ಮೇಲುನೋಟಕ್ಕೆ ಇದು ಸರಿಯೆಂದೇ ತೋರುತ್ತದೆ. ಆದರೆ ಶರೀರಶಾಸ್ತ್ರಜ್ಞರೂ ಕ್ರೀಡಾವಿಜ್ಞಾನಿಗಳೂ ಈ ದಣಿವನ್ನು ಅಳೆದು ನೋಡಿದ್ದಾರೆ. ಅವರ ಅಳತೆಯು ಬಹುಮಟ್ಟಿಗೆ ಹುಡುಗನ ಪಕ್ಷವನ್ನೇ ವಹಿಸಿದೆ. ಆ ವೃತ್ತಾಂತವನ್ನು ಈ ಸಲ ವಾಚಕರ ಮುಂದಿಡಬಯಸುತ್ತೇವೆ.

ಇದರ ಮೂಲವನ್ನು ಅರಸುತ್ತ ಹೋದರೆ ಇಟಲಿ ದೇಶದ ಟ್ಯೂರಿನ್ ನಗರವನ್ನು ತಲಪುತ್ತೇವೆ. ಅಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಆಂಜೆಲೊ ಮೊಸ್ಸೊ ಎಂಬವರು ಎರ್ಗೋಗ್ರಾಫ್ ಎಂಬ ಉಪಕರಣವೊಂದನ್ನು ನಿರ್ಮಿಸಿದರು. ಮುಂಗೈಯನ್ನು ಅಲುಗದಂತೆ ಬಿಗಿದು, ನಡುಬೆರಳಿಗೆ ದಾರದಿಂದ ತೂಕವೊಂದನ್ನು ತೂಗಬಿಟ್ಟು, ಆ ಬೆರಳನ್ನು ಮಡಚಿ ಮಡಚಿ ತೂಕವನ್ನು ಎತ್ತಿಸುವುದು. ಪ್ರತಿಸಲ ಎಷ್ಟು ಎತ್ತರಕ್ಕೆ ಏರಿತೆಂಬುದನ್ನು ಗೆರೆಯಾಗಿ ಮೂಡಿಸುವುದು. ಗೆರೆಗಳು ಮೊದಲು ಉದ್ದವಾಗಿದ್ದು ಬರುಬರುತ್ತ ಗಿಡ್ಡವಾಗಿ ಕಡೆಗೆ ನಿಂತುಹೋಗುತ್ತವೆ. ದಣಿವೆಂಬ ಕಾಣದ ವಸ್ತುವು ಹೀಗೆ ಕಾಗದದ ಮೇಲೆ ಕಾಣಿಸಿಕೊಂಡಿತು. ೧೮೯೧ರಲ್ಲಿ ಪ್ರಕಟವಾದ, ದಣಿವನ್ನೇ ಕುರಿತ ತಮ್ಮ ಗ್ರಂಥದಲ್ಲಿ ಮೊಸ್ಸೊ ಅವರು ಒಂದು ಸ್ವಾರಸ್ಯದ ಸಂಗತಿಯನ್ನು ದಾಖಲಿಸಿದ್ದಾರೆ. ತಮ್ಮ ಸಹೋದ್ಯೋಗಿಯೊಬ್ಬರು ವಿದ್ಯಾರ್ಥಿಗಳಿಗೆ ಮೌಖಿಕ ಪರೀಕ್ಷೆ ನಡೆಸುವುದಕ್ಕೆ ಮುಂಚೆಯೂ ನಡೆಸಿದ ತರುವಾಯವೂ ಅವರ ಬೆರಳಿನ ಬಲವನ್ನು ಅಳೆದಾಗ, ಪರೀಕ್ಷೆಯ ಅನಂತರ ಬೆರಳು ಬಹುಬೇಗ ಸೋತುಹೋಗಿತ್ತು. ಗಮನಿಸಬೇಕು, ಇದು ಪರೀಕ್ಷೆ ಕೊಟ್ಟವರ ಬೆರಳಲ್ಲ, ಪರೀಕ್ಷೆ ತೆಗೆದುಕೊಂಡವರದು. ಅಧ್ಯಾಪಕ ವೃತ್ತಿಯಲ್ಲಿರುವ ವಾಚಕರು ಈ ಭಾಗವನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಬಹುದು.

ಅನಂತರದ ಕಾಲದಲ್ಲಿ ವಿಜ್ಞಾನಿಗಳ ದೃಷ್ಟಿಯು ಹೆಚ್ಚಾಗಿ ಸ್ನಾಯು, ಹೃದಯ ಮತ್ತು ಪ್ರಾಣವಾಯುವಿನ ಕಡೆಗೆ ಹರಿಯಿತು. ಮೊಸ್ಸೊ ಅವರ ಬೆರಳು ಬಹುಕಾಲ ಮರೆಯಲ್ಲಿಯೇ ಉಳಿಯಿತು. ಅದನ್ನು ಮತ್ತೆ ಬೆಳಕಿಗೆ ತಂದವರೂ ಇಟಲಿಯ ಮೂಲದವರೇ. ಬ್ರಿಟನ್ನಿಗೆ ಸೇರಿದ ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿದ್ದ ಸಮುಯೆಲೆ ಮಾರ್ಕೊರ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿದ ಪ್ರಯೋಗವು ಈ ವಿಷಯದಲ್ಲಿ ಹೊಸ ಅಧ್ಯಾಯವನ್ನೇ ತೆರೆಯಿತೆನ್ನಬಹುದು.

ಅವರು ೧೬ ಜನರನ್ನು ಆಯ್ದುಕೊಂಡು, ಪ್ರತಿಯೊಬ್ಬರನ್ನೂ ಎರಡು ಬೇರೆ ಬೇರೆ ದಿನ ಪರೀಕ್ಷೆಗೆ ಒಳಪಡಿಸಿದರು. ಒಂದು ದಿನ ೯೦ ನಿಮಿಷಗಳ ಕಾಲ ಗಣಕಯಂತ್ರದ ಪರದೆಯ ಮುಂದೆ ಕುಳಿತು, ಒಂದರ ಹಿಂದೊಂದು ಮೂಡುವ ಅಕ್ಷರಗಳನ್ನು ಎವೆಯಿಕ್ಕದೆ ನೋಡುತ್ತ, ನಿಯಮಕ್ಕನುಸಾರವಾಗಿ ಗುಂಡಿ ಒತ್ತಬೇಕು. ಇನ್ನೊಂದು ದಿನ ಅಷ್ಟೇ ಹೊತ್ತು ಸುಮ್ಮನೆ ಕುಳಿತು ಸಾಕ್ಷ್ಯಚಿತ್ರ ನೋಡಬೇಕು. ಎರಡು ದಿನವೂ ದೇಹವು ಕುರ್ಚಿಯಲ್ಲಿಯೇ ಇತ್ತೆಂಬುದು ಮುಖ್ಯ. ಆಮೇಲೆ ನಿಂತಲ್ಲಿಯೇ ತುಳಿಯುವ ಸೈಕಲ್ಲನ್ನೇರಿ, ಅವರವರ ಗರಿಷ್ಠ ಸಾಮರ್ಥ್ಯದ ಶೇಕಡಾ ೮೦ರಷ್ಟು ಭಾರದಲ್ಲಿ, ಇನ್ನು ಸಾಧ್ಯವಿಲ್ಲವೆನ್ನುವವರೆಗೆ ತುಳಿಯಬೇಕು. ಸಾಕ್ಷ್ಯಚಿತ್ರ ನೋಡಿದ ದಿನ ಅವರು ಸರಾಸರಿ ೭೫೪ ಸೆಕೆಂಡು ತುಳಿದರು. ಅಕ್ಷರಗಳೊಡನೆ ಸೆಣಸಿದ ದಿನ ೬೪೦ ಸೆಕೆಂಡು ಮಾತ್ರ. ಸುಮಾರು ಎರಡು ನಿಮಿಷದ ಕೊರತೆ.

ಈ ಎರಡು ನಿಮಿಷ ಎಲ್ಲಿ ಸೋರಿಹೋಯಿತು? ಹೃದಯದ ಬಡಿತ, ಉಸಿರಾಟ, ರಕ್ತದೊಳಗಿನ ಲ್ಯಾಕ್ಟೇಟ್ ಮೊದಲಾದುವನ್ನು ಅಳೆದು ನೋಡಿದರೂ ಅವುಗಳಲ್ಲಿ ಈ ಕೊರತೆಗೆ ಕಾರಣವು ಸಿಕ್ಕಲಿಲ್ಲ. ಉತ್ಸಾಹವೂ ಕಡಮೆಯಾಗಿರಲಿಲ್ಲವೆಂದು ಪ್ರಶ್ನಾವಳಿಗಳು ತಿಳಿಸಿದವು. ವ್ಯತ್ಯಾಸವು ಕಂಡುಬಂದದ್ದು ಒಂದೆಡೆ ಮಾತ್ರ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನಶ್ಶಾಸ್ತ್ರಜ್ಞರು ೬ರಿಂದ ೨೦ರವರೆಗಿನ ಅಂಕಗಳ ಒಂದು ಮಾಪಕವನ್ನು ರಚಿಸಿದ್ದಾರೆ. ‘ಈಗ ಎಷ್ಟು ಕಷ್ಟವೆನಿಸುತ್ತಿದೆ?’ ಎಂಬ ಪ್ರಶ್ನೆಗೆ ತುಳಿಯುತ್ತಿರುವವನು ಅದರಲ್ಲಿನ ಒಂದು ಅಂಕವನ್ನು ತೋರಿಸಬೇಕು. ಮನಸ್ಸು ದಣಿದ ದಿನ ಈ ಅಂಕವು ಮೊದಲಿನಿಂದಲೇ ಮೇಲಿತ್ತು. ಆದುದರಿಂದ ಕೊನೆಯ ಮೆಟ್ಟಿಲನ್ನು ಬೇಗ ಮುಟ್ಟಿತು. ಕಾಲುಗಳಲ್ಲಿ ಶಕ್ತಿಯಿತ್ತು, ಎದೆಯಲ್ಲಿ ಉಸಿರಿತ್ತು. ಅದೇ ಭಾರವು ಹೆಚ್ಚು ಭಾರವೆನಿಸಿತು, ಅಷ್ಟೆ. ‘ಅನಿಸಿದ್ದು ತಾನೆ’ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಮನುಷ್ಯನು ಓಟವನ್ನು ನಿಲ್ಲಿಸುವುದು ಈ ಅನಿಸಿಕೆಯ ಆಜ್ಞೆಯಂತೆಯೇ ಎಂಬುದು ಮಾರ್ಕೊರ ಅವರ ವಾದ. ಮಿದುಳು ಬಹಳ ಹೊತ್ತು ದುಡಿದಾಗ ಅಡಿನೋಸಿನ್ ಎಂಬ ವಸ್ತುವು ಅಲ್ಲಿ ಶೇಖರವಾಗಿ ಹೀಗಾಗುತ್ತಿರಬಹುದೆಂಬ ಊಹೆಯೂ ಇದೆ. ಕಾಫಿಯಲ್ಲಿರುವ ಕೆಫೀನ್ ತಡೆಯುವುದು ಈ ಅಡಿನೋಸಿನ್ನಿನ ಕೆಲಸವನ್ನೇ. ಇಷ್ಟನ್ನು ಓದಿ ಮಕ್ಕಳಿಗೆ ಲೋಟ ತುಂಬ ಕಾಫಿ ಕೊಡಬೇಕೆಂದು ಯಾರೂ ಹೊರಡದಿರಲಿ. ಸಂಜೆ ಕುಡಿದ ಕಾಫಿಯು ರಾತ್ರಿಯ ನಿದ್ರೆಯನ್ನು ಕದಿಯುತ್ತದೆ.

ಸೈಕಲ್ಲಿನಿಂದ ಆಟದ ಬಯಲಿಗೆ ಬರೋಣ. ೨೦೧೬ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಾಲ್ಚೆಂಡಿನ ಆಟಗಾರರನ್ನು ೩೦ ನಿಮಿಷ ಸ್ಟ್ರೂಪ್ ಪರೀಕ್ಷೆಗೆ ಕೂರಿಸಿದರು. ‘ಕೆಂಪು’ ಎಂಬ ಪದವನ್ನು ಹಸಿರು ಬಣ್ಣದಲ್ಲಿ ಬರೆದು, ಪದವನ್ನು ಓದದೆ ಬಣ್ಣವನ್ನು ಹೇಳೆನ್ನುವ ಪರೀಕ್ಷೆ ಇದು. ವಾಚಕರು ಮನೆಯಲ್ಲಿಯೇ ಮಾಡಿ ನೋಡಬಹುದು, ನಾಲಗೆ ತೊಡರುತ್ತದೆ. ಆ ಬಳಿಕ ಆಟಗಾರರು ಓಡಿದ ದೂರವು ಕಡಮೆಯಾಯಿತು. ಚೆಂಡನ್ನು ಗುರಿಯಿಟ್ಟು ಒದೆಯುವುದರಲ್ಲಿ ತಪ್ಪು ಹೆಚ್ಚಿತು. ಹೋಲಿಕೆಗಾಗಿ ಇನ್ನೊಂದು ದಿನ ಅವರಿಗೆ ಕೊಟ್ಟ ಕೆಲಸವೆಂದರೆ ೩೦ ನಿಮಿಷ ನಿಯತಕಾಲಿಕೆಗಳನ್ನು ಓದುವುದು. ಪತ್ರಿಕೆ ಓದಿದರೆ ಮನಸ್ಸು ದಣಿಯದೆಂದು ವಿಜ್ಞಾನಿಗಳೇ ಭಾವಿಸಿರುವುದು ನಮ್ಮಂತಹ ಅಂಕಣಕಾರರಿಗೆ ಸಮಾಧಾನದ ಸಂಗತಿ.

ಇಲ್ಲಿ ತಂದೆತಾಯಿಗಳು ವಿಶೇಷವಾಗಿ ಲಕ್ಷಿಸಬೇಕಾದ ಅಂಶವೊಂದುಂಟು. ಮನಸ್ಸಿನ ದಣಿವು ಎಲ್ಲ ಆಟವನ್ನೂ ಸಮನಾಗಿ ಕೆಡಿಸುವುದಿಲ್ಲ. ೨೦೧೭ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ, ಬಹುಹೊತ್ತು ತಾಳಿಕೊಳ್ಳಬೇಕಾದ ಶ್ರಮಕ್ಕೆ ಅದು ಕುಂದು ತರುವುದೆಂದೂ, ಕ್ಷಣಕಾಲದಲ್ಲಿ ಪೂರ್ಣಬಲವನ್ನು ಹಾಕುವ ಎತ್ತುವಿಕೆ, ಜಿಗಿತಗಳಂತಹವಕ್ಕೆ ಅಷ್ಟಾಗಿ ತಟ್ಟದೆಂದೂ ತಿಳಿದುಬಂದಿತು. ಹಾಗಿರುವಾಗ, ಟ್ಯೂಷನ್ ಮುಗಿಸಿ ಬಂದ ಹುಡುಗಿಯು ಉದ್ದ ಜಿಗಿತದಲ್ಲಿ ಎಂದಿನಂತೆಯೇ ಜಿಗಿದು, ೧೫೦೦ ಮೀಟರಿನ ಓಟದಲ್ಲಿ ನಡುವೆ ನಿಂತರೆ, ‘ಜಿಗಿಯಲು ಬಂತು, ಓಡಲು ಬರದೇ?’ ಎಂದು ಗದರಿಸುವುದು ನ್ಯಾಯವಲ್ಲ. ಇಂತಹ ಮಾತಿಗೆ ನೊಂದು ಬೂಟು ಬಿಚ್ಚಿಟ್ಟು ಮತ್ತೆ ಮೈದಾನದತ್ತ ಹೋಗದ ಮಕ್ಕಳಿದ್ದಾರೆ. ಆಕೆ ನಟಿಸುತ್ತಿದ್ದಾಳೆಂದು ತೀರ್ಮಾನಿಸುವ ಮೊದಲು ಅಂದಿನ ದಿನಚರಿಯನ್ನು ಕೇಳಿ ನೋಡುವುದು ಒಳಿತು.

ಈ ಸಂಶೋಧನೆಗೆ ಎದುರುಮಾತೂ ಇದೆ. ಪರಿಣಾಮ ಕಂಡ ಪ್ರಯೋಗಗಳು ಪ್ರಕಟವಾಗುವುದೇ ಹೆಚ್ಚು, ಕಾಣದವು ಕಡತದಲ್ಲಿಯೇ ಉಳಿಯುತ್ತವೆ. ಆದುದರಿಂದ ಈ ದಣಿವಿನ ಮಹಿಮೆಯನ್ನು ಅತಿಯಾಗಿ ಹೇಳಲಾಗಿದೆ ಎಂದು ೨೦೨೦ರ ಸಮೀಕ್ಷೆಯೊಂದು ಆಕ್ಷೇಪಿಸಿತು. ಈ ಆಕ್ಷೇಪವನ್ನು ನಾವು ಗೌರವಿಸುತ್ತೇವೆ. ಎರಡು ನಿಮಿಷದ ಲೆಕ್ಕವನ್ನು ಎಲ್ಲರಿಗೂ ಎಲ್ಲ ದಿನವೂ ಅನ್ವಯಿಸುವುದು ಸಲ್ಲದು. ಇದಕ್ಕೆ ಪುಷ್ಟಿ ಕೊಡುವಂತೆ, ಆಸ್ಟ್ರೇಲಿಯದ ವಿಜ್ಞಾನಿಗಳು ವೃತ್ತಿನಿರತ ಸೈಕಲ್ ಸ್ಪರ್ಧಿಗಳನ್ನು ಹವ್ಯಾಸಿಗಳೊಡನೆ ಹೋಲಿಸಿ ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧ ಗಂಟೆಯ ಸ್ಟ್ರೂಪ್ ಪರೀಕ್ಷೆಯಿಂದ ಹವ್ಯಾಸಿಗಳ ವೇಗವು ಕುಗ್ಗಿದರೂ ವೃತ್ತಿನಿರತರದು ಕುಗ್ಗಲಿಲ್ಲ. ಈ ತಾಳಿಕೆಯು ಅವರಿಗೆ ಹುಟ್ಟಿನಿಂದ ಬಂದಿತೋ, ವರ್ಷಗಟ್ಟಲೆಯ ಸಾಧನೆಯಿಂದ ಬಂದಿತೋ ಎಂಬುದನ್ನು ಆ ಪ್ರಯೋಗವು ಬಿಡಿಸಿ ಹೇಳಲಾರದು. ಸಾಧನೆಯ ಪಾಲು ದೊಡ್ಡದೆಂದು ನಮ್ಮ ಎಣಿಕೆ.

ಹಾಗಾದರೆ ಓದನ್ನು ಬಿಡಿಸಬೇಕೆ? ಎಂದಿಗೂ ಅಲ್ಲ. ದಿನದ ಜೋಡಣೆಯನ್ನು ಬದಲಿಸಿದರೆ ಸಾಕಾದೀತು. ದೀರ್ಘ ಓಟದ ಅಭ್ಯಾಸವು ಬೆಳಗಿನಲ್ಲಿರಲಿ. ಪಾಠದ ದಣಿವು ಹೊತ್ತು ಬಂದ ಸಂಜೆಗೆ ಜಿಗಿತವೋ ಚಿಕ್ಕ ಓಟವೋ ಇರಲಿ. ಆದರೆ ಐದಕ್ಕೆ ಎಬ್ಬಿಸುವ ಮನೆಯವರು ರಾತ್ರಿ ಹನ್ನೊಂದರವರೆಗೆ ಓದಿಸಕೂಡದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ೧೧ ಆಟಗಾರರು ಕೆಲವು ವಾರ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿ ಕಳೆಯಲು ಯತ್ನಿಸಿದಾಗ, ಅವರ ವೇಗದ ಓಟದ ಅವಧಿಯು ೧೬.೨ ಸೆಕೆಂಡಿನಿಂದ ೧೫.೫ಕ್ಕೆ ಇಳಿದು, ಬುಟ್ಟಿಗೆ ಚೆಂಡು ಹಾಕುವ ನಿಖರತೆಯೂ ಹೆಚ್ಚಿದ್ದು ೨೦೧೧ರಲ್ಲಿ ವರದಿಯಾಗಿದೆ. ಹೋಲಿಸಲು ಬೇರೊಂದು ತಂಡವಿರಲಿಲ್ಲವೆಂಬ ಕೊರತೆ ಇದಕ್ಕಿದ್ದರೂ ನಿದ್ರೆಗೆ ಖರ್ಚೇನೂ ಇಲ್ಲವಷ್ಟೆ.

ಸ್ಪರ್ಧೆಯ ದಿನದ ಮಾತು ಬೇರೆ. ಬ್ರೆಜಿಲ್ ದೇಶದ ವೃತ್ತಿಪರ ಕಾಲ್ಚೆಂಡಾಟಗಾರರ ಮೇಲೆ ನಡೆದ, ೨೦೧೯ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಂದ್ಯಕ್ಕೆ ಮುನ್ನ ಅರ್ಧ ಗಂಟೆಯೋ ಹೆಚ್ಚೋ ಮೊಬೈಲಿನ ಸಾಮಾಜಿಕ ಜಾಲತಾಣಗಳಲ್ಲಿ ಕಳೆದವರು ಚೆಂಡನ್ನು ಯಾರಿಗೆ ಕೊಡಬೇಕೆಂಬ ನಿರ್ಧಾರದಲ್ಲಿ ಎಡವಿದರು. ಆದ್ದರಿಂದ ಅಂದು ಬೆಳಿಗ್ಗೆ ಮಗುವಿನ ಕೈಯಲ್ಲಿ ಆ ಯಂತ್ರವಿರುವುದು ಬೇಡ. ಶುಭ ಹಾರೈಸಲು ಸೋದರಮಾವಂದಿರೂ ಚಿಕ್ಕಮ್ಮಂದಿರೂ ಕರೆ ಮಾಡಿಯೇ ಮಾಡುತ್ತಾರೆ; ಅವನ್ನೆಲ್ಲ ತಂದೆಯೇ ಸ್ವೀಕರಿಸಿ, ಓಟ ಮುಗಿದ ಮೇಲೆ ಮಗುವಿಗೆ ತಿಳಿಸಿದರಾಯಿತು.